ವೋಲ್ಟೇಜ್ ಏರಿಸಿದ್ರ ಸೈಕಲ್ ಏರು ಹತ್ತತೈತೇನ್ರಿ?

ಹೋದ ಸಂಚಿಕೆಯೊಳಗ ಹಳೇ ಸೈಕಲ್ಲಿಗೆ ಹಬ್ ಮೋಟಾರ್ ಹಚ್ಚಿಸೂದರ ಬಗ್ಗೆ ನಾಕು ಸಾಲು ಬರೆದಿದ್ದೆ, ಹಬ್ ಮೋಟಾರ್ ಅಂದ್ರ ಗಾಲಿಯ ನಟ್ಟನಡುವೆ ಕೂತು ಗಾಲೀನ ತಿರುಗಿಸೋ ಮೋಟಾರು, ಚೈನಿಗೂ ಅದಕ್ಕೂ ಸಂಬಂಧ ಇಲ್ಲ. ಅದಾದ ಮ್ಯಾಲ ಬಂದ ಪತ್ರ, ಮೆಸೇಜು ಎಲ್ಲಾ ಓದಿದ್ರ ಮೋಟಾರಿನ ಬಗ್ಗೆ ಕೇಳಿದವರು ಕಡಿಮಿ, ಬ್ಯಾಟರಿ ಎಷ್ಟು ವೋಲ್ಟಿಂದು ತಗೊಳ್ಳಿ ಅಂತ ಕೇಳಿದವರ ಜಾಸ್ತಿ. ಅದರಾಗೂ ಕೆಲವರು ಬ್ಯಾಟರಿ ತಂದು ಮನ್ಯಾಗ ಇಟ್ಕೊಂಡು ಆಮ್ಯಾಲ ಕೇಳ್ಯಾರ, ಕೂಸು ಹುಟ್ಟೂಕಿಂತ ಮೊದ್ಲ ಕುಲಾವಿ ಹೊಲಿಸಿದಂಗ. ಇರಲಿ, ಈ ಸಲದ ಕಾಲಂ ಪೂರ್ತಿ ಇದಕ್ಕ.

ಪ್ರಶ್ನೆ: ಸರ, ನಾನು ಹುಬ್ಬಳ್ಳಿ ನವನಗರದಾಂವ, ಧಾರವಾಡ ಸಪ್ತಾಪುರದಾಗ ಒಂದು ಕೋಚಿಂಗ್ ಕ್ಲಾಸಿನ್ಯಾಗ ಪಾಠ ಹೇಳ್ತೀನಿ. ದಿನಾ ಹೋಗಿ ಬಂದು ಸುಮಾರು 26 ಕಿಲೋಮೀಟರ್. 26 ಇಂಚಿನ ಗೇರ್ ಸೈಕಲ್ ಐತಿ, ನನ್ನ ತೂಕ 78 ಕೆಜಿ. ಗೆಳೆಯ 36 ವೋಲ್ಟ್ ಸಾಕು ಅಂತಾನ, ಯೂಟ್ಯೂಬ್ ನೋಡಿದ್ರ 48 ಅಂತಾರ, ಇಲ್ಲಿ ಅಂಗಡಿಯಾಂವ 60 ಹಾಕಿಸ್ರಿ ಸರ, ನವಲೂರ ಏರಿನ್ಯಾಗ ಹೆಂಗ ಜಗ್ಗತೈತಿ ನೋಡ್ರಿ ಅಂತಾನ. ಯಾರ ಮಾತು ಕೇಳ್ಲಿ?
— ಒಬ್ಬ ಓದುಗ, ಹುಬ್ಬಳ್ಳಿ

ಉತ್ತರ: ಅಂಗಡಿಯಾಂವಂದಂತೂ ಬ್ಯಾಡ್ರಿ. ವೋಲ್ಟ್ ಜಾಸ್ತಿ ಇದ್ರ ಜಗ್ಗೂದು ಜಾಸ್ತಿ ಅನ್ನೋದು ನಮ್ಮ ಕಡೆ ಭಾಳ ಮಂದಿ ತಲ್ಯಾಗ ಕೂತುಬಿಟ್ಟೈತಿ, ಅದನ್ನ ಮೊದ್ಲ ಇಳಿಸೂಣು.

ಹಳೇ ಸೈಕಲ್ಲಿನ ಡೈನಮೋ ನೆನಪು ಮಾಡ್ಕೊಳ್ರಿ, ಟೈರಿಗೆ ತಿಕ್ಕಿ ತಿರುಗೂದು, ಜೋರ್ ತುಳಿದ್ರ ಲೈಟ್ ಫಳಫಳ, ಸಾವಕಾಶ ತುಳಿದ್ರ ಮಿಣಿಮಿಣಿ. ಅಂದ್ರ ತಿರುಗಿದಷ್ಟು ವೋಲ್ಟ್. ನಿಮ್ಮ ಹಬ್ ಮೋಟಾರ್ ಸುದ್ದಾ ತಿರುಗಲಿಕ್ಕೆ ಹತ್ತಿದ ಕೂಡ್ಲೇ ಒಳಗಿಂದೊಳಗ ಒಂದು ಡೈನಮೋ ಆಗಿಬಿಡತೈತಿ, ಬ್ಯಾಟರಿ ಈ ಕಡೆಯಿಂದ ನೂಕಿದ್ರ ಅದು ಆ ಕಡೆಯಿಂದ ತಿರುಗಿ ನೂಕ್ತೈತಿ, ಸ್ಪೀಡ್ ಏರಿದಂಗ ಆ ಎದುರು ವೋಲ್ಟೂ ಏರಕೋತ ಹೋಗಿ ಬ್ಯಾಟರಿ ವೋಲ್ಟಿಗೆ ಸಮ ಆದಾಗ ಕರೆಂಟ್ ಒಳಗ ಹೋಗೂದು ನಿಲ್ಲತೈತಿ. ಅಲ್ಲಿಗೆ ಮುಗೀತು, ಅದ ನಿಮ್ಮ ಟಾಪ್ ಸ್ಪೀಡು. ಹಂಗಾಗಿ ವೋಲ್ಟ್ ಅನ್ನೋದು ಗಾಡಿ ಎಷ್ಟು ಸ್ಪೀಡ್ ಹೋಗಬಹುದು ಅನ್ನೋದರ ಲೆಕ್ಕ. ಜಗ್ಗೂದು ಅನ್ನೋದು ಆಂಪಿಯರಿನ ಲೆಕ್ಕ. ಇವೆರಡನ್ನೂ ಕೂಡಿಸಿ ಮಾತಾಡಿದ್ರ ಅಂಗಡಿಯಾಂವಗ ಪಾಡಾಗತೈತಿ, ನಿಮಗಲ್ಲ.

ನಂಬರಿನ್ಯಾಗ ನೋಡೂಣು. 26 ಇಂಚಿನ ಗಾಲಿ ಒಂದು ಸುತ್ತು ತಿರುಗಿದ್ರ ಎರಡು ಮೀಟರಿಗಿಂತ ಚೂರು ಹೆಚ್ಚು, 2.07 ಮೀಟರ್ ಅಂತ ಇಟ್ಕೊಳ್ರಿ, ಹೋಗ್ತೈತಿ. 36 ವೋಲ್ಟಿಗೆ ನಿಮಿಷಕ್ಕ 240 ಸುತ್ತು ತಿರುಗೋ ಮೋಟಾರ್ ಇದ್ರ ಗಾಲಿ ಎತ್ತಿ ಹಿಡಿದು ಖಾಲಿ ತಿರುಗಿಸಿದಾಗ ತಾಸಿಗೆ 30 ಕಿಲೋಮೀಟರ್ ಆಯ್ತು, ಮ್ಯಾಲ ಮನುಷ್ಯಾ ಕೂತ ಮ್ಯಾಲ 24ರ ಆಸುಪಾಸು ಬರ್ತೈತಿ. ಅದ ಮೋಟಾರಿಗೆ 48 ಕೊಟ್ರ 320 ಸುತ್ತು, ಖಾಲಿ 40, ಕೂತ್ರ 30–32. ಅಂಗಡಿಯಾಂವ ಹೇಳಿದ 60 ಕೊಟ್ರ ಖಾಲಿ 50 ತೋರಸ್ತೈತಿ, ಆದ್ರ ಸೈಕಲ್ಲಿನ ರಬ್ಬರ್ ಬ್ರೇಕ್ ಇಟ್ಕೊಂಡು ಬಿಆರ್‌ಟಿಎಸ್ ಬಸ್ಸಿನ ಪಕ್ಕದ ರಸ್ತೆಯೊಳಗ ಆ ಸ್ಪೀಡ್ ತಗೊಂಡು ಏನ್ ಮಾಡ್ತೀರಿ? ಕಾಯ್ದೆ ಮಾತೂ ಐತಿ. 250 ವ್ಯಾಟಿಗಿಂತ ಕಡಿಮಿ ಮೋಟಾರು, 25 ಕಿಲೋಮೀಟರಿಗಿಂತ ಕಡಿಮಿ ಸ್ಪೀಡು ಇದ್ದಾಗ ಮಾತ್ರ ಲೈಸೆನ್ಸು, ರಜಿಸ್ಟ್ರೇಶನ್ನು ಕೇಳೂದಿಲ್ಲ, ಅದನ್ನ ದಾಟಿದ್ರ ನಿಮ್ಮ ಸೈಕಲ್ ಕಾಯ್ದೆ ಲೆಕ್ಕದಾಗ ಮೋಟಾರ್ ಗಾಡಿ. ನಾಳೆ ಯಾರಿಗರೆ ಗುದ್ದಿದಾಗ ಇದು ನೆನಪಾಗೂದಕ್ಕಿಂತ ಈಗ ನೆನಪಾದ್ರ ಚೊಲೋ.

ಈಗ ಏರಿನ ಮಾತು. ನೀವು 78, ಸೈಕಲ್ ಮೋಟಾರ್ ಬ್ಯಾಟರಿ ಬ್ಯಾಗು ಎಲ್ಲಾ ಕೂಡಿ 105 ಕೆಜಿ ಹಿಡೀರಿ. 100 ಮೀಟರ್ ಹೋಗೂದ್ರಾಗ 5 ಮೀಟರ್ ಏರೋ ರಸ್ತೆ, 20 ಕಿಲೋಮೀಟರ್ ಸ್ಪೀಡು. ಬರೇ ತೂಕ ಮ್ಯಾಲೆತ್ತಲಿಕ್ಕೆ ಸುಮಾರು 285 ವ್ಯಾಟ್ ಬೇಕು, ಟೈರಿನ ತಿಕ್ಕಾಟ, ಗಾಳಿ ಕೂಡಿಸಿದ್ರ 390 ಆಗತೈತಿ, ಮೋಟಾರು, ಅದಕ್ಕ ಕರೆಂಟ್ ಅಳೆದು ಕೊಡೋ ಕಂಟ್ರೋಲರ್ ಡಬ್ಬಿ ತಾವ ತಿಂದು ಬಿಡೂದೂ ಲೆಕ್ಕ ಹಿಡಿದ್ರ ಬ್ಯಾಟರಿಯಿಂದ 500 ವ್ಯಾಟ್ ಹೊರಗ ಬರಬೇಕು. 36 ವೋಲ್ಟಿನ್ಯಾಗ ಅದು 14 ಆಂಪಿಯರ್, 48ರಾಗ ಹತ್ತೂವರಿ. ಎರಡೂ ಏರು ಹತ್ತತಾವ! ಫರಕ್ ಏನಪಾ ಅಂದ್ರ ಬ್ಯಾಟರಿಯಿಂದ ಕಂಟ್ರೋಲರ್ ತನಕ ಇರೋ ವೈರು, ಕನೆಕ್ಟರು, ಬಿಎಂಎಸ್ (ಬ್ಯಾಟರಿಯೊಳಗ ಕೂತು ಸೆಲ್ ಕಾಯೋ, ಅಪಾಯ ಕಂಡ್ರ ಬಂದ್ ಮಾಡೋ ಸರ್ಕೀಟು) ಇವೆಲ್ಲಾ 48ರಾಗ ತಣ್ಣಗ ಇರ್ತಾವ, ಅಲ್ಲಿಯ ಬಿಸಿ ಹೆಚ್ಚುಕಡಿಮಿ ಅರ್ಧಕ್ಕ ಬರ್ತೈತಿ, ಯಾಕಂದ್ರ ಬಿಸಿ ಆಂಪಿಯರಿನ ವರ್ಗದ ಲೆಕ್ಕದಾಗ ಏರತೈತಿ.

ಆದ್ರ ಮೋಟಾರಿನೊಳಗಿನ ಬಿಸಿ? ಅದು ಬ್ಯಾಟರಿ ವೋಲ್ಟ್ ಏರಿಸಿದ್ರ ಕಡಿಮಿ ಆಗೂದಿಲ್ರಿ, ಇಲ್ಲೇ ಓದಿದವರೂ ಎಡವತಾರ. ಕಂಟ್ರೋಲರ್ ಅನ್ನೋದು ಸುಮ್ನ ಸ್ವಿಚ್ ಅಲ್ಲ, ಸಾವಕಾಶ ಹೋಗೋ ಮುಂದ ಅದು ಬ್ಯಾಟರಿಯ ವೋಲ್ಟ್ ಇಳಿಸಿ ಆಂಪಿಯರ್ ಏರಿಸಿ ಮೋಟಾರಿಗೆ ಕೊಡತೈತಿ, ಅಷ್ಟು ಜಗ್ಗಬೇಕಂದ್ರ ತಾಮ್ರದ ಸುರುಳಿಯೊಳಗ ಅಷ್ಟು ಆಂಪಿಯರ್ ಹರೀಲೇಬೇಕು, ಹಿಂದ 36 ಇರಲಿ 72 ಇರಲಿ. ಏರು ಚೊಲೋ ಹತ್ತಬೇಕಂದ್ರ ನೋಡಬೇಕಾದ್ದು ಮೋಟಾರಿನ ಸುತ್ತು. ಒಂದ ವ್ಯಾಟಿನ ಎರಡು ಮೋಟಾರಿನ್ಯಾಗ ಒಂದು 200ರ ಆಸುಪಾಸು ಸುತ್ತಿಂದು, ಇನ್ನೊಂದು 330ರದು ಸಿಗ್ತಾವ, ಸ್ಪೀಡಿನ ಆಸೆಗೆ ಎರಡನೇದು ತಗೊಂಡು ಏರಿನ್ಯಾಗ ಹತ್ತು ಕಿಲೋಮೀಟರ್ ಸ್ಪೀಡಿನ್ಯಾಗ ತೆವಳಿಸಿದ್ರ ಬ್ಯಾಟರಿ ಕೊಟ್ಟಿದ್ದರಾಗ ದೊಡ್ಡ ಪಾಲು ಬಿಸಿಯಾಗಿ ಹೋಗ್ತೈತಿ, ಗಾಲಿ ನಡುವೆ ಕೈ ಇಡಾಕಾಗೂದಿಲ್ಲ. ನಿಮಗ ಕಡಿಮಿ ಸುತ್ತಿಂದ ಇರಲಿ, ಒಳಗ ಗೇರ್ ಇರೋದು, ಅದು ಸಣ್ಣದು ಹಗುರ, ಥ್ರಾಟಲ್ (ಹ್ಯಾಂಡಲ್ ಮ್ಯಾಲಿನ ಎಕ್ಸಲರೇಟರ್) ಬಿಟ್ಟು ತುಳಿಯೋ ಮುಂದ ಜಗ್ಗಿ ಹಿಡಿಯೂದೂ ಇಲ್ಲ.

ದೂರದ ಲೆಕ್ಕ ಬ್ಯಾರೆ. ವೋಲ್ಟಿಗೆ ಎಎಚ್, ಅಂದ್ರ ಆಂಪಿಯರ್ ಅವರ್, ಗುಣಿಸ್ರಿ, ಬಂದಿದ್ದು ವ್ಯಾಟ್ ಅವರ್, ಅದ ನಿಮ್ಮ ಟ್ಯಾಂಕು. 36 ವೋಲ್ಟ್ 20 ಎಎಚ್ ಅಂದ್ರೂ 720, 48 ವೋಲ್ಟ್ 15 ಎಎಚ್ ಅಂದ್ರೂ 720, ಅಳಿಯ ಅಲ್ಲ ಮಗಳ ಗಂಡ. ತುಳೀದ ಬರೇ ಥ್ರಾಟಲ್ ಮ್ಯಾಲ 25ರಾಗ ಹೋದ್ರ ಕಿಲೋಮೀಟರಿಗೆ 12–15 ವ್ಯಾಟ್ ಅವರ್ ತಿಂತೈತಿ, ಜತಿಗೆ ತುಳಿದ್ರ 8–10. ನಿಮ್ಮ 26 ಕಿಲೋಮೀಟರಿಗೆ 350 ಅಂದ್ಕೊಳ್ರಿ, ದಿನಾ ತಳ ಕಾಣೂತನ ಬಳಸಬಾರದು, ಎರಡು ವರ್ಷದ ಮ್ಯಾಲ ಬ್ಯಾಟರಿ ತಾನೂ ಸವೀತೈತಿ, ಅದಕ್ಕ 48 ವೋಲ್ಟ್ 13 ಎಎಚ್ ತಗೊಳ್ರಿ, 620ರ ಮ್ಯಾಲ ಆಗತೈತಿ. 36ರಿಂದಲೂ ನಡೀತಿತ್ತು ಖರೇ, ಆದ್ರ ನಮ್ಮ ಮಾರ್ಕೆಟಿನ್ಯಾಗ 48ರ ಕಂಟ್ರೋಲರು, ಚಾರ್ಜರು ಸಲೀಸಾಗಿ ಸಿಗ್ತಾವ, ಮುಂದ ಒಂದು ಕೆಟ್ರ ಒಂದು ತರಬಹುದು. ಸ್ಪೀಡನ್ನ ಡಿಸ್‌ಪ್ಲೇ ಒಳಗ 25ರ ಒಳಗ ಕಟ್ಟಿ ಹಾಕ್ರಿ.

ಪ್ರಶ್ನೆ: ಬ್ಯಾಟರಿ ಮ್ಯಾಲ 48 ವೋಲ್ಟ್ ಅಂತ ಬರದೈತಿ, ಫುಲ್ ಚಾರ್ಜ್ ಮಾಡಿ ಮೀಟರ್ ಹಿಡಿದ್ರ 54.6 ತೋರಸ್ತೈತಿ. ಚಾರ್ಜರ್ ಕೆಟ್ಟೈತೇನ್ರಿ? ವಾಪಸ್ ಕೊಡ್ಲಾ?
— ಒಬ್ಬ ಶಿಕ್ಷಕಿ, ಬೆಟಗೇರಿ

ಉತ್ತರ: ಕೆಟ್ಟಿಲ್ರಿ ಅಕ್ಕೋರ, ಬರೋಬ್ಬರಿ ಐತಿ, ಮೀಟರ್ ಹಿಡಿದು ನೋಡಿದ್ರಲ್ಲ, ಅದಕ್ಕ ಶಹಬ್ಬಾಸ್. ಬ್ಯಾಟರಿ ಮ್ಯಾಲ ಬರೆಯೋ ನಂಬರು ಸರಾಸರಿದು. ಒಳಗ ಬೆರಳಿನಷ್ಟು ಸೆಲ್ ಸಾಲಾಗಿ ಕೂಡಿಸಿರ್ತಾರ, ಸಾಮಾನ್ಯ ಲಿಥಿಯಂ ಸೆಲ್ ಒಂದರದು ನಡುವಿನ ವೋಲ್ಟ್ 3.6, ತುಂಬಿದಾಗ 4.2, ಖಾಲಿ ಆದಾಗ 3ರ ಹತ್ರ. ನಿಮ್ಮದ್ರಾಗ 13 ಸೆಲ್ ಸಾಲಿಗೆ ಅದಾವ, 13 ಇಂಟು 4.2 ಮಾಡ್ರಿ, 54.6 ಬಂತಲ್ಲ. 36 ಅನ್ನೋದ್ರಾಗ 10 ಸೆಲ್, ತುಂಬಿದ್ರ 42. 52 ಅಂತ ಮಾರೋದ್ರಾಗ 14 ಸೆಲ್, ತುಂಬಿದ್ರ 58.8. 72ರಾಗ 20 ಸೆಲ್, ತುಂಬಿದ್ರ 84.

ಇನ್ನೊಂದು ಜಾತಿ ಐತಿ, ಎಲ್‌ಎಫ್‌ಪಿ ಅಂತಾರ, ಕಬ್ಬಿಣ ಫಾಸ್ಫೇಟಿಂದು. ಅದರ ಒಂದು ಸೆಲ್ 3.2, ತುಂಬಿದ್ರ 3.65, ಅದನ್ನ 16 ಕೂಡಿಸಿ 48 ಅಂತ ಮಾರ್ತಾರ, ಖರೇ ಅಂದ್ರ 51.2, ತುಂಬಿದಾಗ 58.4. ಹಂಗಾಗಿ ಇಬ್ಬರೂ 48 ಅಂದ್ರೂ ಒಬ್ಬರ ಚಾರ್ಜರ್ ಇನ್ನೊಬ್ಬರಿಗೆ ನಡೆಯೂದಿಲ್ಲ, ಪಕ್ಕದ ಮನಿ ಚಾರ್ಜರ್ ಪಿನ್ ಕೂಡ್ತು ಅಂತ ಹಾಕಬ್ಯಾಡ್ರಿ. ಎಲ್‌ಎಫ್‌ಪಿ ತೂಕ ಜಾಸ್ತಿ, ಜಾಗಾನೂ ಜಾಸ್ತಿ ಬೇಕು, ಆದ್ರ ಬಿಸಿ ತಡೀತೈತಿ, ಬಾಳಿಕಿ ಸುದ್ದಾ ಜಾಸ್ತಿ. ಕ್ಯಾರಿಯರ್ ಗಟ್ಟಿ ಇದ್ರ ಗದಗಿನ ಏಪ್ರಿಲ್ ಬಿಸಿಲಿಗೆ ನಾನು ಅದನ್ನ ಆರಿಸ್ತೀನಿ.

ಮತ್ತ ಮುಂಜಾನೆ ಸೈಕಲ್ ಓಡೂದು ಜೋರು, ಸಂಜಿಕೆ ಮೆತ್ತಗ ಅನಸ್ತೈತಿ ಅಂತ ಪತ್ರದ ಕೆಳಗ ಬರದೀರಿ, ಅದೂ ಇದರದ ಆಟ. 54.6ರಿಂದ 42ಕ್ಕ ಇಳಿಯೂತನಕ ಟಾಪ್ ಸ್ಪೀಡಿನ್ಯಾಗ ನಾಕಾಣೆ ಪಾಲು ಹತ್ರಹತ್ರ ಹೋಗಿರ್ತೈತಿ.

ಪ್ರಶ್ನೆ: ಕಾಕಾ, ಆನ್‌ಲೈನ್‌ನ್ಯಾಗ 36 ವೋಲ್ಟ್ ಕಿಟ್ ತರಿಸೀನಿ, ಓಡತೈತಿ ಆದ್ರ ಮಜಾ ಇಲ್ಲ. 52 ವೋಲ್ಟ್ ಬ್ಯಾಟರಿ ಒಂದು ಸೆಕೆಂಡ್ ಹ್ಯಾಂಡ್ ಸಿಗಾಕತ್ತೈತಿ. ಡೈರೆಕ್ಟ್ ಹಾಕಿದ್ರ ನಡೀತೈತಾ? ಮೋಟಾರ್ ಸುಡತೈತಾ?
— ಡಿಪ್ಲೊಮಾ ವಿದ್ಯಾರ್ಥಿ, ಗದಗ

ಉತ್ತರ: ತಮ್ಮಾ, ಮೋಟಾರ್ ಸುಡೂದಿಲ್ಲ, ಅದಕ್ಕ 36 ಅಂತ ಬರೆದಿದ್ರೂ ಅದು ಬರೇ ತಾಮ್ರ, ಮ್ಯಾಗ್ನೆಟ್ಟು. 48 ಕೊಟ್ರೂ ತಿರುಗತೈತಿ, 52ಕ್ಕೂ ತಿರುಗತೈತಿ. ಸಾಯೂದು ಕಂಟ್ರೋಲರ್.

ಇದು ನನಗ ಪುಸ್ತಕದಿಂದ ಗೊತ್ತಾಗಿದ್ದಲ್ಲ. ನನ್ನ ಮೊದಲನೇ ಸೈಕಲ್ಲಿಗೆ ನಾನೂ ಇದ ಹುಚ್ಚುತನ ಮಾಡಿದ್ದೆ, ಮಾರಿದಾಂವ ಎಲ್ಲಾ ನಡೀತೈತಿ ಸರ ಅಂದಿದ್ದ, ರವಿವಾರ ಮುಂಜಾನೆ ಅಂಗಳದಾಗ ಕೂತು 36ರ ಕಂಟ್ರೋಲರಿಗೆ ಫುಲ್ ಚಾರ್ಜ್ ಆದ 14 ಸೆಲ್ಲಿನ ಬ್ಯಾಟರಿ ಚುಚ್ಚಿದೆ, ಒಂದು ಸೆಕೆಂಡ್ ಏನೂ ಆಗಲಿಲ್ಲ, ಆಮ್ಯಾಲ ಡಬ್ಬಿಯೊಳಗಿಂದ ಠಪ್ ಅಂತ ಲಕ್ಷ್ಮೀ ಪಟಾಕಿ ಹೊಡೆದಂಗ ಸಪ್ಪಳ, ಸುಟ್ಟ ವಾಸನಿ, ಒಳಗಿಂದ ನಮ್ಮಾಕಿ ಏನಾತು ಅಂತ ಓಡಿ ಬಂದ್ಲು. ಬಿಚ್ಚಿ ನೋಡಿದ್ರ ಕೆಪಾಸಿಟರ್, ಅಂದ್ರ ಕರೆಂಟ್ ತುಸು ಹಿಡಿದಿಡೋ ಸಣ್ಣ ಡಬ್ಬಿ, ಹೊಟ್ಟಿ ಒಡಕೊಂಡು ಕೂತಿತ್ತು, ಮೈಮ್ಯಾಲ 50 ವೋಲ್ಟ್ ಅಂತ ಸ್ವಚ್ಛ ಬರೆದಿತ್ತು, ನಾನು ಕೊಟ್ಟಿದ್ದು 58.8. ಮೊದ್ಲ ಬಿಚ್ಚಿ ಓದಿದ್ರ ರೊಕ್ಕ ಉಳೀತಿತ್ತು.

ಹಂಗಾಗಿ ನೀನು ಬ್ಯಾಟರಿ ತರೂಕಿಂತ ಮೊದ್ಲ ಕಂಟ್ರೋಲರಿನ ನಾಕು ಸ್ಕ್ರೂ ಬಿಚ್ಚಿ ದೊಡ್ಡ ಕೆಪಾಸಿಟರ್ ಮ್ಯಾಲ ಏನು ಬರದೈತಿ ನೋಡು. 50 ಇದ್ರ 42ರ ಬ್ಯಾಟರಿಗಷ್ಟ. 63 ಇದ್ರ 54.6ರ ತನಕ ಆರಾಮ, 58.8 ಅಂದ್ರ ಅಂಚಿನ ಮ್ಯಾಲ ನಡೆದಂಗ, ಅದರಾಗೂ ಡೈರೆಕ್ಟ್ ಡ್ರೈವ್ (ಒಳಗ ಗೇರ್ ಇಲ್ಲದ) ಮೋಟಾರಿದ್ದು ಬ್ರೇಕ್ ಹಿಡಿದಾಗ ಬ್ಯಾಟರಿಗೆ ಕರೆಂಟ್ ವಾಪಸ್ ಹೋಗೋ ಸೆಟ್ಟಿಂಗ್ ಇದ್ರ ಆ ಹೊತ್ತಿನ್ಯಾಗ ವೋಲ್ಟ್ ಇನ್ನೂ ಮ್ಯಾಲ ಜಿಗೀತೈತಿ. 100 ವೋಲ್ಟಿನ ಕೆಪಾಸಿಟರ್ ಇದ್ರ 72ರ ಬ್ಯಾಟರಿಗೆ ಮಾಡಿದ್ದು. ಒಳಗಿನ ಮಾಸ್ಫೆಟ್ಟಿಗೂ, ಅಂದ್ರ ಕರೆಂಟ್ ಚಾಲೂ ಬಂದ್ ಮಾಡೋ ಎಲೆಕ್ಟ್ರಾನಿಕ್ ಸ್ವಿಚ್ಚಿಗೂ, ಒಂದು ಮಿತಿ ಇರ್ತೈತಿ, ಅದರ ಮ್ಯಾಲಿನ ನಂಬರು ಬರ್ಕೊಂಡು ನೆಟ್‌ನ್ಯಾಗ ಡೇಟಾಶೀಟ್ ತಗೀ, ಡಿಪ್ಲೊಮಾ ಓದ್ತಿ ಅಂದ್ಮ್ಯಾಲ ಇದು ಬರಬೇಕು.

ಇನ್ನೊಂದು ಮಾತು, ಎಲ್ಲಾರೂ ಮರೆಯೂದು. 36ರ ಕಂಟ್ರೋಲರ್ 30–31 ವೋಲ್ಟಿಗೆ ತಾನ ಬಂದ್ ಆಗೂವಂಗ ಮಾಡಿರ್ತಾರ, ಬ್ಯಾಟರಿ ಪೂರ್ತಿ ಖಾಲಿ ಆಗಬಾರದು ಅಂತೇಳಿ. ಅದಕ್ಕ 14 ಸೆಲ್ಲಿನ ಬ್ಯಾಟರಿ ಹಚ್ಚಿದಿ ಅಂದ್ರ 31 ಬರೂತನಕ ಒಂದೊಂದು ಸೆಲ್ 2.2ಕ್ಕ ಇಳಿದಿರ್ತೈತಿ, ಅಂದ್ರ ಕಂಟ್ರೋಲರಿನ ಕಾವಲು ಇಲ್ಲದಂಗ, ಬಿಎಂಎಸ್ ಒಂದ ಗತಿ. ಸೆಕೆಂಡ್ ಹ್ಯಾಂಡ್ ಬ್ಯಾಟರಿಯ ಬಿಎಂಎಸ್ ನಂಬಬ್ಯಾಡಪಾ. 48ರ ಕಂಟ್ರೋಲರ್ ಬ್ಯಾರೆ ತಗೊಂಡು 13 ಸೆಲ್ಲಿನ ಬ್ಯಾಟರಿ ಹಾಕು, ಕಾಲೇಜಿಗೆ ಹೋಗೂದಕ್ಕ ಅಷ್ಟು ಮಜಾ ಸಾಕು.

ಪ್ರಶ್ನೆ: ಲಕ್ಕುಂಡಿಯಿಂದ ಗದಗಕ್ಕ ದಿನಾ ಹೋಗ್ತೀನ್ರಿ, ಒಂದ ಕಡೆ 12 ಕಿಲೋಮೀಟರ್. 36 ವೋಲ್ಟ್ 10 ಎಎಚ್. ಬ್ಯಾಸಗಿಯೊಳಗ ಹೋಗಿ ಬಂದ್ರೂ ಚಾರ್ಜ್ ಉಳೀತಿತ್ತು. ಈಗ ಆಷಾಢ ಬಂದ್ಮ್ಯಾಲ ಮುಂಜಾನೆ ಗದಗ ಮುಟ್ಟೂದ್ರಾಗ ಮುಕ್ಕಾಲು ಖಾಲಿ. ಬ್ಯಾಟರಿ ಹೋತೇನ್ರಿ? 48 ಮಾಡಿಸ್ಲೇನು?
— ಒಬ್ಬ ಓದುಗ, ಲಕ್ಕುಂಡಿ

ಉತ್ತರ: ಬ್ಯಾಟರಿ ಹೋಗಿಲ್ರಿ, ಗಾಳಿ ಬಂದೈತಿ. ಕಪ್ಪತಗುಡ್ಡದ ಕಡೆ ಆ ಪರಿ ಗಾಳಿ ಕಂಬ ಸುಮ್ನ ನಿಲ್ಲಿಸ್ಯಾರೇನು? ಮಳೆಗಾಲದ ಗಾಳಿ ಪಡುವಣದಿಂದ ಬೀಸೂದು, ನೀವು ಮುಂಜಾನೆ ಗದಗಿಗೆ ಹೋಗೂದೂ ಪಡುವಣಕ್ಕ, ಮುಖಕ್ಕ ಮುಖ. ಸಂಜಿಕೆ ಬರೋ ಮುಂದ ಚಾರ್ಜ್ ಇಳಿಯೂದ ಇಲ್ಲ ಅಲ್ಲೇನು? ಅದನ್ನ ನೀವು ಬರೆದಿಲ್ಲ, ಆದ್ರ ಹಂಗ ಇರಬೇಕು.

ಗಾಳಿಯ ಜಗ್ಗಾಟ ಸ್ಪೀಡಿನ ವರ್ಗದ ಲೆಕ್ಕದಾಗ ಏರತೈತಿ, ಅದೂ ನಿಮ್ಮ ಸ್ಪೀಡಿಂದಲ್ಲ, ಮುಖಕ್ಕ ಬಡಿಯೋ ಗಾಳಿ ಸ್ಪೀಡಿಂದು. ನೀವು 25ರಾಗ ಹೊಂಟೀರಿ, ಎದುರುಗಾಳಿ 20 ಐತಿ, ಮುಖಕ್ಕ ಬಡಿಯೂದು 45. 45ನ್ನ 25ರಿಂದ ಭಾಗಿಸಿ ವರ್ಗ ಮಾಡ್ರಿ, ಮೂರು ಪಟ್ಟಿಗೂ ಮ್ಯಾಲ. ಗಾಳಿ ಇಲ್ಲದಾಗ ಬರೇ ಗಾಳಿ ಸೀಳಲಿಕ್ಕೆ 115 ವ್ಯಾಟ್ ಬೇಕಿದ್ದ ಜಾಗಾದಾಗ 370 ಬೇಕಾಗತೈತಿ, ಬ್ಯಾಟರಿ ಮುಕ್ಕಾಲು ಖಾಲಿ ಆಗದ ಏನಾದೀತು. ಇದಕ್ಕ 48 ಹಾಕಿಸಿದ್ರ ಏನಾಗತೈತಿ ಗೊತ್ತೇನು, 36ರಾಗ ಗಾಳಿ ಜೋರಾದಾಗ ಸೋತು 18–20ಕ್ಕ ಇಳೀತಿದ್ದ ಸೈಕಲ್ 25 ಹಿಡಕೊಂಡು ಹೊಕ್ಕತೈತಿ, ಹೊಕ್ಕೋತ ಹೊಕ್ಕೋತ ಇನ್ನೂ ಹೆಚ್ಚು ತಿಂತೈತಿ. ವೋಲ್ಟ್ ಏರಿಸಿ ಎಎಚ್ ಅಷ್ಟ ಇಟ್ರ ಟ್ಯಾಂಕ್ ದೊಡ್ಡದಾಗತೈತಿ ನಿಜ, 360 ಹೋಗಿ 480 ಆಗತೈತಿ, ಆದ್ರ ಸ್ಪೀಡ್ ಅದನ್ನ ನುಂಗಿಬಿಡತೈತಿ.

ರೊಕ್ಕ ಇಲ್ಲದ ಮದ್ದು ಹೇಳ್ತೀನಿ, ಈ ಎರಡು ತಿಂಗಳು ಹೋಗೋ ಮುಂದ 15ರಾಗ ಹೋಗ್ರಿ. ಮುಖಕ್ಕ 35 ಬಡೀತೈತಿ, ಕಿಲೋಮೀಟರಿಗೆ ಗಾಳಿ ತಿನ್ನೂದು 15 ವ್ಯಾಟ್ ಅವರಿಂದ 9ಕ್ಕ ಇಳೀತೈತಿ. ಅರ್ಧ ತಾಸಿನ ದಾರಿಗೆ ಮುಕ್ಕಾಲು ತಾಸು, ಅಷ್ಟು ಲಗೂನ ಮನಿ ಬಿಡ್ರಿ. ರೊಕ್ಕ ಇದ್ರ 36 ವೋಲ್ಟಿಂದ ಇಟ್ಕೊಂಡು 15 ಎಎಚ್ ಮಾಡಿಸ್ರಿ, ಕಂಟ್ರೋಲರ್, ಚಾರ್ಜರ್ ಏನೂ ಬದ್ಲಿ ಮಾಡೂದು ಬ್ಯಾಡ.

ಪ್ರಶ್ನೆ: ಲಿಥಿಯಂ ರೇಟ್ ಕೇಳಿ ತಲಿ ತಿರುಗಿತು. ಯುಪಿಎಸ್‌ಗೆ ಹಾಕೋ 12 ವೋಲ್ಟಿನ ಸಣ್ಣ ಬ್ಯಾಟರಿ ನಾಕು ಕೂಡಿಸಿದ್ರ 48 ಆಗತೈತಲ್ಲ?
— ಎಲೆಕ್ಟ್ರಿಷಿಯನ್, ಹಾವೇರಿ

ಉತ್ತರ: ಆಗತೈತಿ. 12 ಎಎಚ್‌ದು ಒಂದೊಂದು 4 ಕೆಜಿ ಅಂದ್ರೂ ನಾಕು ಕೂಡಿ 16 ಕೆಜಿ, ಅಷ್ಟ ಲಿಥಿಯಂ 4 ಕೆಜಿಯೊಳಗ ಬರ್ತೈತಿ. ಅದಿರಲಿ, ನಿಮಗ ಗೊತ್ತಿದ್ದ ಮಾತ, ಸೀಸದ ಬ್ಯಾಟರಿ ಮ್ಯಾಲ ಬರೆದ ಎಎಚ್ ಸಾವಕಾಶ, ಹತ್ತು ಇಪ್ಪತ್ತು ತಾಸಿನ್ಯಾಗ ಜಗ್ಗಿದ್ರ ಸಿಗೋದು, ಸೈಕಲ್ ಅದನ್ನ ಒಂದು ತಾಸಿನ್ಯಾಗ ಜಗ್ಗತೈತಿ, ಆಗ ಅರ್ಧಕ್ಕಿಂತ ಚೂರು ಹೆಚ್ಚು ಸಿಕ್ರ ಪುಣ್ಯ. ಮತ್ತ ದಿನಾ ತಳ ಹಚ್ಚಿದ್ರ ಒಂದು ವರ್ಷಕ್ಕ ಕೈ ಕೊಡತೈತಿ. ಏರಿನ್ಯಾಗ ವೋಲ್ಟ್ ಕುಸಿದು ಕಂಟ್ರೋಲರ್ ಬಂದ್ ಆಗಿ ನಡು ದಾರ್ಯಾಗ ನಿಲ್ತೀರಿ, ಐದು ನಿಮಿಷ ಬಿಟ್ರ ಮತ್ತ ಜೀವ ಬರ್ತೈತಿ, ಮತ್ತ ನೂರು ಹೆಜ್ಜಿಗೆ ನಿಲ್ತೈತಿ. ಮೋಟಾರ್ ಓಡತೈತೋ ಇಲ್ಲೋ ಅಂತ ಮನಿ ಮುಂದ ಪರೀಕ್ಷೆ ಮಾಡಲಿಕ್ಕೆ ಅಡ್ಡಿಯಿಲ್ಲ.

ಪ್ರಶ್ನೆ: ಮೂಲ್ಯಾಗ ಬಿದ್ದ ಹಳೇ ಪೆಟ್ರೋಲ್ ಮೊಪೆಡ್ ಒಂದೈತ್ರಿ. ಅದಕ್ಕ ಹಿಂದಿನ ಗಾಲಿ ಹಬ್ ಮೋಟಾರ್ ಹಾಕಿ ಬ್ಯಾಡಗಿ ಪ್ಯಾಟಿಗೆ ಎರಡು ಚೀಲ ಮೆಣಸಿನಕಾಯಿ ಒಯ್ಯುವಂಗ ಮಾಡಬೇಕು. ಹೋಗಿ ಬಂದು 40 ಕಿಲೋಮೀಟರ್. 48 ಸಾಕಾಗತೈತಿ ಅಂತ ನಮ್ಮ ಹುಡುಗ ಅಂತಾನ.
— ರೈತ, ಬ್ಯಾಡಗಿ ತಾಲೂಕು

ಉತ್ತರ: ಯಜಮಾನ್ರ, ಇಲ್ಲಿ ಮಾತು ಬದ್ಲಿ ಆಗತೈತಿ, ಸೈಕಲ್ಲಿಗೆ ವೋಲ್ಟ್ ಏರಿಸಬ್ಯಾಡ ಅಂದ ನಾನ ನಿಮಗ 72 ಅಂತೀನಿ. ಯಾಕಂದ್ರ ಇದಕ್ಕ ಬೇಕಾಗೂದು 1500 ವ್ಯಾಟ್ ಮ್ಯಾಲಿನ ಮಾತು. 48ರಾಗ 1500 ವ್ಯಾಟ್ ತಗೀಬೇಕಂದ್ರ 31 ಆಂಪಿಯರ್, ಚೀಲ ಹೊತ್ತು ಏರಿನ್ಯಾಗ ಅದು 50ಕ್ಕ ಹೊಕ್ಕತೈತಿ, ಅಷ್ಟು ಕರೆಂಟಿಗೆ ತಕ್ಕ ವೈರು, ಕನೆಕ್ಟರು, ಬಿಎಂಎಸ್ ಎಲ್ಲಾ ದುಬಾರಿ, ಒಂದು ಜಾಯಿಂಟ್ ಸಡ್ಲ ಆದ್ರ ಅಲ್ಲೇ ಕರಗತೈತಿ. 72ರಾಗ ಅದ ಕೆಲಸ 21 ಆಂಪಿಯರಿನ್ಯಾಗ ಮುಗೀತೈತಿ. 40 ಕಿಲೋಮೀಟರ್ ಸ್ಪೀಡಿನ್ಯಾಗ ಹೊರೆ ಹೊತ್ತು ಹೋದ್ರ ಕಿಲೋಮೀಟರಿಗೆ 30 ವ್ಯಾಟ್ ಅವರ್ ಹಿಡೀರಿ, 40ಕ್ಕ 1200 ಆಯ್ತು, ಅದಕ್ಕ ಚೂರು ಮ್ಯಾಲ ಬೇಕು, 72 ವೋಲ್ಟ್ 20 ಎಎಚ್ ಅಂದ್ರ 1440, ಸರಿ ಹೋಗ್ತೈತಿ. ಬರೋ ಮುಂದ ಚೀಲ ಇರೂದಿಲ್ಲ, ರೊಕ್ಕದ ಹೊರೆ ಅಷ್ಟ, ರೇಟ್ ಚೊಲೋ ಸಿಕ್ಕಿದ್ರ.

ಸುತ್ತು ಕಡಿಮಿ ಇರೋ, ಒಳಗ ಗೇರ್ ಇಲ್ಲದ ಡೈರೆಕ್ಟ್ ಡ್ರೈವ್ ಮೋಟಾರ್ ತಗೊಳ್ರಿ, ಹೊರೆಗೆ ನೈಲಾನ್ ಗೇರಿನ ಮೋಟಾರ್ ಹಲ್ಲು ಉದುರಿಸ್ತೈತಿ. ಮೊಪೆಡ್ ಗಾಲಿ ಸಣ್ಣದು, ಅದು ನಿಮ್ಮ ಪುಣ್ಯ, ಗಾಲಿ ಸಣ್ಣದಾದಷ್ಟೂ ಅದ ಮೋಟಾರ್ ಹೆಚ್ಚು ಜಗ್ಗತೈತಿ. ಚೀಲ ಹಿಂದ ಪೂರ್ತಿ ಹೇರಬ್ಯಾಡ್ರಿ, ಮುಂದ ಕಾಲಿಡೋ ಜಾಗಾದಾಗ ಒಂದಿರಲಿ. ಮತ್ತ 72 ವೋಲ್ಟ್ ಅಂದ್ರ ತುಂಬಿದಾಗ 84, ಬೆವರಗೈಲೆ ಮುಟ್ಟಿದ್ರ ಝುಮ್ ಅಂತೈತಿ, ಸುಮ್ನ ಅಲ್ಲ. ಬ್ಯಾಟರಿಯ ಪ್ಲಸ್ ವೈರ್ ಹೊರಗ ಬಂದಲ್ಲೇ ಒಂದು ಫ್ಯೂಸ್ ಇರಲಿ, ಮನಿಯ ಎಸಿ ಫ್ಯೂಸ್ ಅಲ್ಲ, ಡಿಸಿಗೆ ಅಂತ ಬರೋದು.

ಈಗ ನಿಮಗ ಸೇರದ ಮಾತು. ಪೆಟ್ರೋಲ್ ಗಾಡೀನ ಕರೆಂಟಿಗೆ ಬದ್ಲಿ ಮಾಡೂದು ಸೈಕಲ್ಲಿನಂಗ ಅಲ್ಲ, ಆರ್‌ಸಿಯೊಳಗ ಇಂಧನ ಬದ್ಲಿ ಆಗಬೇಕು, ಅದಕ್ಕ ಎಐಎಸ್ 123 ಅನ್ನೋ ಗಾಡಿ ಮಾನದಂಡದ ಪ್ರಕಾರ ಟೆಸ್ಟ್ ಆಗಿ ಒಪ್ಪಿಗಿ ಸಿಕ್ಕ ಕಿಟ್ ಬೇಕು, ಆರ್‌ಟಿಒ ಮುಂದ ತೋರಸಬೇಕು. ಬಿಡಿ ಸಾಮಾನು ತಂದು ಮನ್ಯಾಗ ಜೋಡಿಸಿದ್ದು ಹೊಲದ ದಾರಿಗೆ ನಡದೀತು, ಮೋಟೆಬೆನ್ನೂರ ಹೈವೇ ಮ್ಯಾಲ ನಡೆಯೂದಿಲ್ಲ, ಏನರೆ ಆದ್ರ ಇನ್ಶೂರೆನ್ಸಿನವರು ಮಾರಿ ತಿರುವ್ತಾರ. ಆರ್‌ಟಿಒ ಆಫೀಸಿನ್ಯಾಗ ಕೇಳಿ, ಒಪ್ಪಿಗಿ ಇದ್ದ ಕಿಟ್ಟಿನ ರೇಟ್ ತಿಳ್ಕೊಂಡು ಆಮ್ಯಾಲ ಲೆಕ್ಕ ಹಾಕ್ರಿ, ಹೊಸಾ ಕರೆಂಟ್ ಗಾಡಿನ ಸಸ್ತಾ ಬಿದ್ರೂ ಬೀಳಬಹುದು.

ಪ್ರಶ್ನೆ: ನನ್ನ ಕಡೆ 36 ವೋಲ್ಟಿನ ಎರಡು ಬ್ಯಾಟರಿ ಅದಾವ. ಸಾಲಿಗೆ ಕೂಡಿಸಿ 72 ಮಾಡಬಹುದಾ?
— ಒಬ್ಬ ಓದುಗ, ರಾಣೇಬೆನ್ನೂರು

ಉತ್ತರ: ಬ್ಯಾಡ್ರಿ. ಎರಡರಾಗ ಒಂದು ಮೊದ್ಲ ಖಾಲಿ ಆಗಿ ಅದರ ಬಿಎಂಎಸ್ ಬಂದ್ ಆದಾಗ ಎರಡರದೂ ವೋಲ್ಟ್ ಕೂಡಿ ಆ ಒಂದ ಬಿಎಂಎಸ್ ಮ್ಯಾಲ ಬೀಳ್ತೈತಿ, 36ಕ್ಕ ಮಾಡಿದ ಸಾಮಾನು ಅದನ್ನ ತಡೆಯೂದಿಲ್ಲ. ಪಕ್ಕಪಕ್ಕ, ಅಂದ್ರ ಪ್ಲಸ್ಸಿಗೆ ಪ್ಲಸ್ ಮೈನಸ್ಸಿಗೆ ಮೈನಸ್, ಕೂಡಿಸಿ ಎಎಚ್ ಜಾಸ್ತಿ ಮಾಡ್ಕೋಬಹುದು, ಅದೂ ಎರಡರ ಸೆಲ್ ಜಾತಿ ಒಂದ ಇದ್ದು, ಎರಡನ್ನೂ ಫುಲ್ ಚಾರ್ಜ್ ಮಾಡಿ ಮೀಟರ್‌ನ್ಯಾಗ ಒಂದ ವೋಲ್ಟ್ ತೋರಿಸಿದ ಮ್ಯಾಲ. ಒಂದು 42 ಇನ್ನೊಂದು 35 ಇದ್ದಾಗ ಚುಚ್ಚಿದ್ರ ತುಂಬಿದ್ದು ಖಾಲಿ ಇದ್ದದ್ದರೊಳಗ ಒಮ್ಮೆಲೇ ನುಗ್ಗತೈತಿ, ಕಿಡಿ ಹಾರಿ ಕನೆಕ್ಟರ್ ಅಲ್ಲೇ ಅಂಟಿಕೊಂಡಿದ್ದು ನಾನು ನೋಡೀನಿ.

ಪ್ರಶ್ನೆ: ಅಣ್ಣಾರ, ಮಗ ರಾತ್ರಿ ಪಡಸಾಲ್ಯಾಗ ಬಾಗಲ ಹತ್ರ ಸೈಕಲ್ ಬ್ಯಾಟರಿ ಚಾರ್ಜಿಗೆ ಇಟ್ಟು ಮಲಗ್ತಾನ. 48 ವೋಲ್ಟ್ 15 ಎಎಚ್, ಚಾರ್ಜರ್ 2 ಆಂಪಿಯರಿಂದು. ನನಗ ನಿದ್ದಿ ಬರೂದಿಲ್ಲ. ಜಲ್ದಿ ಚಾರ್ಜ್ ಆಗೋ ದೊಡ್ಡ ಚಾರ್ಜರ್ ತಂದ್ರ ಹೆಂಗ?
— ಒಬ್ಬ ತಾಯಿ, ಧಾರವಾಡ

ಉತ್ತರ: ಅಕ್ಕಾರ, ನಿಮ್ಮ ಅಂಜಿಕಿ ಬರೋಬ್ಬರಿ ಐತಿ, ಹುಡುಗಂದ ತಪ್ಪು. 15 ಎಎಚ್‌ಗೆ 2 ಆಂಪಿಯರ್ ಅಂದ್ರ ಪೂರ್ತಿ ಖಾಲಿಯಿಂದ ಎಂಟು ತಾಸು ಬೇಕು, ಅದಕ್ಕ ರಾತ್ರಿ ಇಡ್ತಾನ. 4 ಆಂಪಿಯರಿಂದು ತಂದ್ರ ನಾಕು ತಾಸಿಗೆ ಮುಗೀತೈತಿ, ಸಂಜಿಕೆ ಎಲ್ಲಾರೂ ಎಚ್ಚರ ಇದ್ದಾಗನ ಆಗಿಹೋಗ್ತೈತಿ, ಈ ಸೈಜಿನ ಬ್ಯಾಟರಿಗೆ ಅಷ್ಟು ಭಾರ ಏನಲ್ಲ, ಆದ್ರ ಬಿಎಂಎಸ್‌ನ ಚಾರ್ಜಿಂಗ್ ಮಿತಿ 4ಕ್ಕಿಂತ ಮ್ಯಾಲ ಐತೋ ಇಲ್ಲೋ ಮಾರಿದವರನ್ನ ಕೇಳಿ ತಗೊಳ್ರಿ. ಚಾರ್ಜರ್ ಮ್ಯಾಲ ಔಟ್‌ಪುಟ್ 54.6 ಅಂತ ಇರಬೇಕು, 13 ಸೆಲ್ಲಿಂದ ಇದ್ರ, ಅದರಾಗ ಚೌಕಾಶಿ ಇಲ್ಲ. ಮತ್ತ ಬಿಸಿಲಾಗ ಓಡಿಸಿ ಬಂದ ಕೂಡ್ಲೇ ಚುಚ್ಚಬ್ಯಾಡ ಅಂತ ಹೇಳ್ರಿ, ಕೈ ಇಟ್ರ ತಣ್ಣಗ ಹತ್ತಬೇಕು. ಜಾಗಾ ಮಾತ್ರ ಇವತ್ತ ಬದ್ಲಿ ಮಾಡ್ರಿ. ಒಳಗ ಮಲಗಿದವರು ಹೊರಗ ಬರೋ ಬಾಗಲದಾಗ ಬ್ಯಾಟರಿ ಇಡೂದ ಬ್ಯಾಡ, ಹಿತ್ತಲ ಕಟ್ಟಿ ಮ್ಯಾಲ ಮಳಿ ಬಿಸಿಲು ಬೀಳದಂಗ ಒಂದು ಪ್ಲಗ್ ಪಾಯಿಂಟ್ ಹಾಕಿಸ್ರಿ, ಕೆಳಗ ಕಟ್ಟಿಗಿ ಹಲಗಿ ಅಲ್ಲ, ಕಡಪಾ ಕಲ್ಲು ಇರಲಿ.